ಟ್ಯೂಬಿಂಗನ್‌ನಲ್ಲಿ ಎರಡು ಚಳಿಗಾಲ

ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ನೀವು ಕಾಲೇಜಿನ ಲೈಬ್ರರಿಯಲ್ಲಿ ನೋಡಿರಬಹುದು. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಷ್ಟು ದಪ್ಪ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಆ ಪುಸ್ತಕವನ್ನು ಬರೆದ ಫರ್ಡಿನಾಂಡ್ ಕಿಟೆಲ್ ಜರ್ಮನಿಯವರು ಎಂಬುದೂ ನಿಮಗೆ ಗೊತ್ತಿರುವ ವಿಷಯವೇ. ಅವರು ನಿವೃತ್ತರಾಗಿ ನೆಲೆಸಿ, 1903ರಲ್ಲಿ ಕಣ್ಮುಚ್ಚಿದ ಊರಿನ ಹೆಸರು ಟ್ಯೂಬಿಂಗನ್. ಕನ್ನಡಕ್ಕೆ ಅವರು ಮಾಡಿದ ಕೆಲಸವನ್ನು ಮೆಚ್ಚಿ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ಊರಿನ ವಿಶ್ವವಿದ್ಯಾನಿಲಯ. ಅವರಿಗಿಂತ ಮೊದಲೇ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು, ಅಂದರೆ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿಯೇ. ಮಲಯಾಳಂ ನಿಘಂಟಿನ ಗುಂಡರ್ಟ್ ಕೂಡಾ ಅಲ್ಲಿಯ ವಿದ್ಯಾರ್ಥಿ.

ಆ ಊರಿನಿಂದ ನಮ್ಮ ಕರಾವಳಿಗೆ ಬಂದವರ ಕಥೆಯನ್ನು ಹಲವರು ಬರೆದಿದ್ದಾರೆ. ನಾನು ಇಲ್ಲಿಂದ ಅಲ್ಲಿಗೆ ಎಂ.ಎಸ್ಸಿ. ಓದಲು ಹೋದವಳು. 2023ರ ಅಕ್ಟೋಬರಿನಿಂದ 2025ರ ಶರತ್ಕಾಲದವರೆಗೆ ಅಲ್ಲಿದ್ದೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಈಗ ಒಬ್ಬಳು ಡಿಗ್ರಿಯ ಕೊನೆಯ ವರ್ಷದಲ್ಲಿರಬಹುದು. ‘ಹೊರದೇಶಕ್ಕೆ ಓದಲು ಹೋಗಲೇ?’ ಎಂದು ಅವಳು ಕೇಳಿರಬಹುದು, ಅಥವಾ ಕೇಳಲು ಹೆದರುತ್ತಿರಬಹುದು. ಈ ಬರಹ ಅವಳಿಗಿಂತ ಹೆಚ್ಚಾಗಿ ನಿಮಗೆ.

ಊರನ್ನು ಮೊದಲು ನೋಡಿಬಿಡೋಣ. ಸ್ಟುಟ್‌ಗಾರ್ಟ್ ನಗರದಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ನೆಕ್ಕಾರ್ ಎಂಬ ಹೊಳೆ. ನಮ್ಮ ನೇತ್ರಾವತಿಯನ್ನು ಕಂಡವರಿಗೆ ಅದು ತೋಡಿನ ಹಾಗೆ ಕಾಣುತ್ತದೆ. ದಂಡೆಯಲ್ಲಿ ಹಳದಿ, ತಿಳಿಗೆಂಪು, ಬಿಳಿ ಬಣ್ಣದ ಹಳೆಯ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಹೊಳೆಯ ನಡುವಿನ ನಡುಗಡ್ಡೆಯಲ್ಲಿ ಸಾಲುಮರಗಳು. ಬೇಸಿಗೆಯಲ್ಲಿ ಹುಡುಗರು ಉದ್ದನೆಯ ಗಳು ಹಿಡಿದು ನೆಲಕ್ಕೆ ಊರಿ ದೋಣಿ ನಡೆಸುತ್ತಾರೆ, ನಮ್ಮ ಮರಳು ದೋಣಿಯವರ ಹಾಗೆಯೇ. ಹಳೆಯ ಪೇಟೆಯ ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಏರು-ಇಳಿತ ವಿಪರೀತ. ಚಪ್ಪಲಿ ಹಾಕಿ ಹೋದರೆ ಮೊದಲ ವಾರವೇ ಪಶ್ಚಾತ್ತಾಪ. ಸುಮಾರು 90 ಸಾವಿರ ಜನರಿರುವ ಊರಿನಲ್ಲಿ 27-28 ಸಾವಿರ ವಿದ್ಯಾರ್ಥಿಗಳು! ಅಂಗಡಿ, ಬಸ್ಸು, ಬಾಡಿಗೆ ಮನೆ ಎಲ್ಲವೂ ಅವರ ಲೆಕ್ಕದಲ್ಲೇ ನಡೆಯುತ್ತವೆ. ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1477ರಲ್ಲಿ. ಗುಡ್ಡದ ಮೇಲಿನ ಕೋಟೆಯ ಅಡುಗೆಮನೆಯನ್ನೇ ಒಂದು ಕಾಲದಲ್ಲಿ ಪ್ರಯೋಗಾಲಯವಾಗಿ ಬಳಸಿದ್ದರು. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಯುವ ವಿಜ್ಞಾನಿ ಆಸ್ಪತ್ರೆಯಿಂದ ತಂದ ಗಾಯದ ಬಟ್ಟೆಗಳ ಕೀವಿನಿಂದ ಒಂದು ಹೊಸ ಪದಾರ್ಥವನ್ನು ಬೇರ್ಪಡಿಸಿದ್ದು ಆ ಅಡುಗೆಮನೆಯಲ್ಲಿ. ಇಂದು ನಾವು ಡಿಎನ್ಎ ಎನ್ನುವುದರ ಮೊದಲ ಸುಳಿವು ಅದು. ನೋಡಲು ಹೋದವರಿಗೆ ಆ ಕೋಣೆಯನ್ನು ತೋರಿಸುತ್ತಾರೆ.

ನನ್ನ ವಿಷಯ ಅಂತರ್ಜಲ. ನಮ್ಮ ಮನೆಯಿರುವುದು ಸಮುದ್ರಕ್ಕೆ ಹತ್ತಿರ, ಉಳ್ಳಾಲದ ಕಡೆ. ಮಾರ್ಚ್ ಕಳೆದರೆ ಬಾವಿಯ ನೀರು ಉಪ್ಪಾಗುವ ಮನೆಗಳು ಅಲ್ಲಿ ಎಷ್ಟಿವೆಯೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಬಿ.ಎಸ್ಸಿ.ಯಲ್ಲಿದ್ದಾಗಲೇ ಅದನ್ನು ಓದಬೇಕೆಂದು ನನಗಿತ್ತು. ಟ್ಯೂಬಿಂಗನ್‌ನಲ್ಲಿ ಪರಿಸರ ಭೂವಿಜ್ಞಾನದ ಎಂ.ಎಸ್ಸಿ. ಇಂಗ್ಲಿಷಿನಲ್ಲಿದೆ ಎಂದು ತಿಳಿದ ದಿನ ಉಮ್ಮನಲ್ಲಿ ಹೇಳಿದೆ. ಉಮ್ಮ ಉಪ್ಪನಲ್ಲಿ ಹೇಳಿದರು. ಉಪ್ಪ ಮೂರು ದಿನ ಏನೂ ಹೇಳಲಿಲ್ಲ.

ಆ ಮೂರು ದಿನ ಮನೆಯವರ ತಲೆಯಲ್ಲಿ ಏನೆಲ್ಲ ಓಡಾಡಿತೋ ಅದು ನಿಮ್ಮ ತಲೆಯಲ್ಲಿಯೂ ಓಡಾಡುತ್ತದೆ. ಒಬ್ಬಳೇ ಹೇಗಿರುತ್ತಾಳೆ? ತಲೆವಸ್ತ್ರ ಹಾಕಲು ಬಿಡುತ್ತಾರೆಯೇ? ಊಟ ಹಲಾಲ್ ಆಗಿರುತ್ತದೆಯೇ? ದೀನ್ ಬಿಟ್ಟುಹೋದರೆ? ಮದುವೆಯ ಪ್ರಾಯ ದಾಟಿದರೆ? ಜನ ಏನೆಂದಾರು? ಉಪ್ಪ ಊರಿನ ಉಸ್ತಾದರಲ್ಲಿ ಕೇಳಿದರು. ಮಹ್ರಮ್ ಇಲ್ಲದೆ ದೂರ ಪ್ರಯಾಣ ಮಾಡುವುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಸುರಕ್ಷಿತ ದಾರಿ ಮತ್ತು ಒಳ್ಳೆಯ ಜೊತೆ ಇದ್ದರೆ ಸಮ್ಮತಿಸಿದವರೂ ಇದ್ದಾರೆ, ಸಮ್ಮತಿಸದವರೂ ಇದ್ದಾರೆ ಎಂದು ಅವರು ಎರಡನ್ನೂ ಮುಂದಿಟ್ಟರು. ತೀರ್ಮಾನವನ್ನು ಮನೆಗೇ ಬಿಟ್ಟರು. ಕೊನೆಗೆ ಉಪ್ಪ ನನ್ನೊಂದಿಗೆ ವಿಮಾನದಲ್ಲಿ ಬಂದು, ಹತ್ತು ದಿನವಿದ್ದು ಹಿಂದಿರುಗಿದರು. ಅದಕ್ಕೆ ಆದ ಖರ್ಚನ್ನು ಅವರು ಇಂದಿಗೂ ದಂಡವೆಂದು ಎಣಿಸುವುದಿಲ್ಲ.

ಈಗ ಹಿಂತಿರುಗಿ ನೋಡಿದಾಗ ನನಗೆ ಅನಿಸುವುದು ಇಷ್ಟು: ನಮ್ಮ ಮನೆಗಳು ಹೆದರುವುದು ಒಂದಕ್ಕೆ, ಹೋದವಳಿಗೆ ಎದುರಾಗುವುದು ಇನ್ನೊಂದು. ಹೆದರಿದ ವಿಷಯಗಳನ್ನು ಮೊದಲು ಮುಗಿಸುತ್ತೇನೆ.

ತಲೆವಸ್ತ್ರ. ನಮ್ಮಲ್ಲಿ 2022ರಲ್ಲಿ ಕಾಲೇಜುಗಳ ಬಾಗಿಲಲ್ಲಿ ನಡೆದದ್ದನ್ನು ಕಂಡವರು ಮೊದಲು ಕೇಳುವುದು ಇದನ್ನೇ. ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿನಿಯರಿಗೆ ಯಾವ ಅಡ್ಡಿಯೂ ಇಲ್ಲ. ವೀಸಾದ ಭಾವಚಿತ್ರದಲ್ಲಿಯೂ ಗಲ್ಲದಿಂದ ಹಣೆಯವರೆಗೆ ಮುಖ ಸ್ಪಷ್ಟವಾಗಿ ಕಂಡರೆ ಸಾಕು. ಅಲ್ಲಿ ವಿವಾದವಿದ್ದದ್ದು ಶಾಲೆಯ ಅಧ್ಯಾಪಕಿಯರ ಬಗ್ಗೆ. 2015ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಅಧ್ಯಾಪಕಿಯರ ಮೇಲೆ ಸಾರಾಸಗಟು ನಿಷೇಧ ಹೇರುವುದು ಸರಿಯಲ್ಲವೆಂದು ತೀರ್ಪು ಕೊಟ್ಟಿತು. ಹಾಗೆಂದು ಎಲ್ಲವೂ ಹೂವಿನ ಹಾಸಿಗೆಯೆಂದು ಎಣಿಸಬೇಡಿ. ಬಸ್ಸಿನಲ್ಲಿ ಕೆಕ್ಕರಿಸಿ ನೋಡಿದ ಮುದುಕಿ ಇದ್ದರು. ಹೆಸರು ಕೇಳಿದ ಮೇಲೆ ಕೋಣೆ ಖಾಲಿಯಿಲ್ಲವೆಂದ ಮನೆಯೊಡೆಯರೂ ಇದ್ದರು. ಆದರೆ ನನ್ನ ತರಗತಿಯಲ್ಲಾಗಲೀ ಪ್ರಯೋಗಾಲಯದಲ್ಲಾಗಲೀ ಅದೊಂದು ವಿಷಯವೇ ಆಗಲಿಲ್ಲ. ಜರ್ಮನಿಯಲ್ಲಿಯೇ ಮೊದಲನೆಯದಾಗಿ ಇಸ್ಲಾಮೀ ಧರ್ಮಶಾಸ್ತ್ರದ ಕೇಂದ್ರವನ್ನು ಒಂದು ಸರಕಾರಿ ವಿಶ್ವವಿದ್ಯಾನಿಲಯ ತೆರೆದದ್ದು 2011ರಲ್ಲಿ, ಇದೇ ಟ್ಯೂಬಿಂಗನ್‌ನಲ್ಲಿ. ಅಲ್ಲಿಯ ಹುಡುಗಿಯರನ್ನು ಕಂಡು ನನಗೆ ಬೆರಗಾಯಿತು. ಜರ್ಮನ್ ಭಾಷೆಯಲ್ಲಿ ಫಿಕ್‌ಹ್ ಚರ್ಚಿಸುತ್ತಾ, ಸೈಕಲ್ ತುಳಿಯುತ್ತಾ ಏರು ಹತ್ತುವವರು.

ಊಟದ ಚಿಂತೆಯನ್ನು ತುರ್ಕರು ದೂರ ಮಾಡಿದರು. 1961ರಲ್ಲಿ ಜರ್ಮನಿಯು ಕಾರ್ಖಾನೆಗಳ ಕೆಲಸಕ್ಕೆ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ಪ್ರತಿ ಊರಿನಲ್ಲಿದ್ದಾರೆ. ಅವರ ಅಂಗಡಿಯಲ್ಲಿ ಹಲಾಲ್ ಮಾಂಸ, ಬೆಂಡೆ, ಕೊತ್ತಂಬರಿ ಕಟ್ಟು, ಕಡಲೆ ಎಲ್ಲವೂ ಸಿಗುತ್ತವೆ. ಎಚ್ಚರಿಕೆ ಬೇಕಾದದ್ದು ಬೇರೆಡೆ. ಮಕ್ಕಳು ತಿನ್ನುವ ಮೆತ್ತನೆಯ ಮಿಠಾಯಿಗಳಲ್ಲಿ ಹಂದಿಯ ಜೆಲಾಟಿನ್ ಇರುವುದು ಸಾಮಾನ್ಯ. ಆ ಸೀಮೆಯ ಹೆಸರುವಾಸಿ ಪದಾರ್ಥ ಮೌಲ್‌ತಾಶನ್, ಅಂದರೆ ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ ಬೇಯಿಸಿದ್ದು. ಅದರಲ್ಲಿ ಮಾಂಸವಿದ್ದರೆ ನಮಗೆ ಆಗದು, ಸೊಪ್ಪಿನದ್ದನ್ನು ಕೇಳಿ ತರಬೇಕು. ಶ್ಪೆಟ್ಸ್‌ಲೆ ಎಂಬುದು ನಿಮಗೆ ಅಪರಿಚಿತವಲ್ಲ. ಮೊಟ್ಟೆ ಸೇರಿಸಿದ ಹಿಟ್ಟನ್ನು ಶ್ಯಾವಿಗೆ ಒರಳಿನಂಥದ್ದರಲ್ಲಿ ಹಾಕಿ ಕುದಿಯುವ ನೀರಿಗೆ ಒತ್ತುತ್ತಾರೆ. ನಾನು ಅದಕ್ಕೆ ಕೋಳಿ ಸಾರು ಹಾಕಿ ತಿಂದಾಗ ಕೋಣೆಯ ಪಕ್ಕದ ಜರ್ಮನ್ ಹುಡುಗಿ ಮೊದಲು ಹುಬ್ಬೇರಿಸಿದಳು, ಆಮೇಲೆ ತಟ್ಟೆ ಹಿಡಿದು ಬಂದಳು.

ವಿದ್ಯಾರ್ಥಿ ನಿಲಯದಲ್ಲಿ ಅಡುಗೆಮನೆ ಎಲ್ಲರಿಗೂ ಒಂದೇ. ಒಂದು ಬಾಣಲೆ, ಒಂದು ಪಾತ್ರೆ, ಒಂದು ಸೌಟನ್ನು ನನ್ನದೆಂದು ಬೇರೆ ಇಟ್ಟೆ. ಕಾರಣ ಹೇಳಿದಾಗ ಯಾರೂ ಬೇಸರಿಸಲಿಲ್ಲ. ಜರ್ಮನರಿಗೆ ನಿಯಮವೆಂದರೆ ಗೌರವ, ಅದು ಇನ್ನೊಬ್ಬರ ನಿಯಮವಾದರೂ ಸರಿಯೇ. ಅವರದ್ದೂ ನಿಯಮಗಳಿವೆಯಲ್ಲ! ರಾತ್ರಿ ಹತ್ತರ ನಂತರ ಸದ್ದು ಕೂಡದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಬೇಕು. ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ 25 ಸೆಂಟ್ ವಾಪಸು. ಕಾಗದದ ಲೋಟದಲ್ಲಿ ಕಾಫಿ ಕೊಂಡರೆ 2022ರಿಂದ ಆ ಊರಿನಲ್ಲಿ 50 ಸೆಂಟ್ ತೆರಿಗೆ, ಹಾಗಾಗಿ ಎಲ್ಲರ ಚೀಲದಲ್ಲಿಯೂ ಒಂದು ಲೋಟ ಇರುತ್ತದೆ. ಇನ್ನು ‘ಕೇರ್‌ವೋಖೆ’. ಅಂದರೆ ಗುಡಿಸುವ ವಾರ. ಆ ಸೀಮೆಯಲ್ಲಿ ಬಾಡಿಗೆದಾರರು ಸರದಿಯ ಪ್ರಕಾರ ಮೆಟ್ಟಿಲು, ಅಂಗಳ, ಮನೆಯ ಮುಂದಿನ ಕಾಲುದಾರಿ ಗುಡಿಸಬೇಕು. ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ, ಈ ವಾರ ನಿಮ್ಮದು ಎಂದು. ನಮ್ಮ ಹುಡುಗಿಯರಿಗೆ ಇದು ಕಷ್ಟವಲ್ಲ. ನಮ್ಮ ಹುಡುಗರನ್ನು ಕಳುಹಿಸುವ ತಾಯಂದಿರು ಮಾತ್ರ ಒಂದು ವರ್ಷ ಮೊದಲೇ ಪೊರಕೆ ಕೈಗೆ ಕೊಡುವುದೊಳ್ಳೆಯದು.

ಹೆದರದ ವಿಷಯಗಳಲ್ಲಿ ಮೊದಲನೆಯದು ಹಣ. ಹಣದ ಚಿಂತೆ ಎಲ್ಲರಿಗೂ ಇದೆ, ಆದರೆ ಹಣ ಹೇಗೆ ಹೊಂದಿಸಬೇಕೆಂಬ ಲೆಕ್ಕವನ್ನು ಸಾಕಷ್ಟು ಮೊದಲೇ ಯಾರೂ ಕೂತು ಮಾಡುವುದಿಲ್ಲ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂದು ನೀವು ಕೇಳಿರುತ್ತೀರಿ. ನಿಜ. ಆದರೆ ಟ್ಯೂಬಿಂಗನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರ ಚಳಿಗಾಲದಿಂದ ಯೂರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಎರಡು ವರ್ಷಕ್ಕೆ 6,000. ಇದಕ್ಕಿಂತ ದೊಡ್ಡ ಗಂಟು ಇನ್ನೊಂದು. ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನದ ಖರ್ಚನ್ನು ಮುಂಚಿತವಾಗಿ ತಡೆಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. ‘ಬ್ಲಾಕ್ಡ್ ಅಕೌಂಟ್’ ಎನ್ನುತ್ತಾರೆ. ನಾನು ಹೋಗುವಾಗ ಅದು 11,208 ಯೂರೋ ಇತ್ತು. 2024ರ ಸೆಪ್ಟೆಂಬರಿನಿಂದ 11,904. ಅಂದರೆ ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸು. ಹಣ ನಿಮ್ಮದೇ. ಆದರೆ ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ. ಒಳ್ಳೆಯ ಪದ್ಧತಿಯೆಂದೇ ನನ್ನ ಅಭಿಪ್ರಾಯ, ಖರ್ಚಿಗೆ ಅದೇ ಒಂದು ಕಡಿವಾಣ. ಕೋಣೆಯ ಬಾಡಿಗೆ, 140 ಯೂರೋದಷ್ಟು ಆರೋಗ್ಯ ವಿಮೆ, ಊಟ, ಬಸ್ಸು ಎಲ್ಲ ಅದರಲ್ಲೇ ಆಗಬೇಕು. ಮದುವೆ, ಮಕ್ಕಳಾದ ಮೇಲೆ ಓದು ಮುಂದುವರಿಸಲು ಬಯಸುವ ಸಹೋದರಿಯರು ಒಂದನ್ನು ನೆನಪಿಡಿ: ವಿದ್ಯಾರ್ಥಿಗಳ ರಿಯಾಯತಿ ವಿಮೆ ಸಾಮಾನ್ಯವಾಗಿ 30 ವರ್ಷ ಪ್ರಾಯದವರೆಗೆ ಮಾತ್ರ. ಆ ಮೇಲಿನವರಿಗೆ ವಿಮೆಯ ಖರ್ಚು ಹೆಚ್ಚು, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹನ್ನೆರಡು ಲಕ್ಷವನ್ನು ಒಮ್ಮೆಲೇ ಎಲ್ಲಿಂದ ತರುವುದು? ಬ್ಯಾಂಕಿನ ವಿದ್ಯಾಭ್ಯಾಸ ಸಾಲಕ್ಕೆ ಬಡ್ಡಿ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುವುದು ಇಲ್ಲಿಯೇ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರ ಸರಕಾರದ ‘ಪಢೋ ಪರ್‌ದೇಶ್’ ಯೋಜನೆಯೂ 2022-23ರಿಂದ ನಿಂತುಹೋಗಿದೆ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯಲ್ಲಿ ವಿದೇಶ ವ್ಯಾಸಂಗಕ್ಕೆ ಆ ವರ್ಷ ಏನು ನೆರವಿದೆಯೆಂದು ಖುದ್ದಾಗಿ ಹೋಗಿ ಕೇಳಿ. ನಮ್ಮ ಮನೆಯಲ್ಲಿ ಆದದ್ದು ಹೀಗೆ: ಉಮ್ಮನ ಎರಡು ಬಳೆ ಮತ್ತು ನನ್ನ ಹೆಸರಿಗೆಂದು ತೆಗೆದಿರಿಸಿದ್ದ ಚಿನ್ನ ಮಾರಾಟವಾಯಿತು. ಜುಬೈಲಿನಲ್ಲಿರುವ ಸೋದರಮಾವ ಉಳಿದದ್ದನ್ನು ಬಡ್ಡಿಯಿಲ್ಲದ ಸಾಲವಾಗಿ, ಕರ್ಝ್ ಹಸನ್ ಆಗಿ ಕೊಟ್ಟರು. ‘ಮನೆಯೊಳಗಿನ ವಿಷಯ, ಬರೆಯುವುದೇಕೆ?’ ಎಂದರು ಮಾವ. ಉಪ್ಪ ಒಪ್ಪಲಿಲ್ಲ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್‌ಬಕರದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆಯಲ್ಲ ಎಂದು ಹೇಳಿ, ಮೊತ್ತ, ಅವಧಿ, ಸಾಕ್ಷಿಗಳ ಸಹಿ ಎಲ್ಲವನ್ನೂ ಬರೆಸಿದರು. ಸಾಲಗಾರಳ ಜಾಗದಲ್ಲಿ ಸಹಿ ಹಾಕಿದ್ದು ಉಪ್ಪ ಅಲ್ಲ, ನಾನು. ಅಂದು ನನಗೆ 22 ವರ್ಷ. ಆ ಸಹಿ ಹಾಕಿದಾಗ ಕೈ ನಡುಗಿದ್ದು ವೀಸಾ ಸಂದರ್ಶನದಲ್ಲಿಯೂ ನಡುಗಲಿಲ್ಲ.

ಮದುವೆಗೆಂದಿದ್ದ ಚಿನ್ನವನ್ನು ಓದಿಗೆ ಕೊಟ್ಟ ವಿಷಯ ತಿಳಿದ ನೆರೆಯವರೊಬ್ಬರು ಉಮ್ಮನಲ್ಲಿ, ‘ನಾಳೆ ಅವಳನ್ನು ಕೇಳಿ ಬಂದವರಿಗೆ ಏನು ಹೇಳುತ್ತೀಯಾ?’ ಎಂದರಂತೆ. ‘ಅವಳು ಬಾವಿಯ ನೀರು ನೋಡಲು ಕಲಿಯಲು ಹೋಗಿದ್ದಾಳೆ ಎಂದು ಹೇಳುತ್ತೇನೆ’ ಎಂದು ಉಮ್ಮ ಹೇಳಿದರು. ಉಮ್ಮ ಓದಿದ್ದು ಏಳನೇ ಕ್ಲಾಸು.

ಏಜೆಂಟರ ಬಗ್ಗೆ ಒಂದು ಮಾತು. ನಮ್ಮ ಕಡೆಯ ಒಬ್ಬರು ಒಂದೂವರೆ ಲಕ್ಷ ಕೇಳಿದರು. ಸರಕಾರಿ ವಿಶ್ವವಿದ್ಯಾನಿಲಯ ಸಿಗುವುದು ಕಷ್ಟ, ತಮ್ಮಲ್ಲಿ ಒಂದು ಖಾಸಗಿ ಕಾಲೇಜಿನ ಸೀಟು ತಯಾರಿದೆ ಎಂದರು. ಅದರ ವಾರ್ಷಿಕ ಶುಲ್ಕ ಕೇಳಿ ಉಪ್ಪ ಎದ್ದು ಬಂದರು. ಜರ್ಮನ್ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಲು ನಡುವೆ ಯಾರೂ ಬೇಕಾಗಿಲ್ಲ. ಡಿ.ಎ.ಎ.ಡಿ. ಎಂಬ ಅವರ ಸಂಸ್ಥೆಯ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳೆಲ್ಲ ಸಿಗುತ್ತವೆ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳು ದಿಲ್ಲಿಯ ಎ.ಪಿ.ಎಸ್. ಕಚೇರಿಯಿಂದ ಅಂಕಪಟ್ಟಿಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ನಾನು ಕಟ್ಟಿದ್ದು 18 ಸಾವಿರ ರೂಪಾಯಿ. ಕೈಗೆ ಬರಲು ತಿಂಗಳುಗಳು ಹಿಡಿಯಬಹುದು, ಆದ್ದರಿಂದ ಮೊದಲ ಕೆಲಸ ಅದು. ಆಮೇಲೆ ಪ್ರವೇಶಪತ್ರ, ತಡೆಖಾತೆ, ವಿಮೆ, ಬೆಂಗಳೂರಿನಲ್ಲಿ ವೀಸಾ. ಇದಿಷ್ಟನ್ನೂ ಹುಡುಗಿಯೇ ಮಾಡಲಿ. ಅಣ್ಣನೋ ಚಿಕ್ಕಪ್ಪನೋ ಮಾಡಿಕೊಟ್ಟರೆ ಅಲ್ಲಿ ಹೋದ ಮೇಲೆ ಅವಳಿಗೆ ತೊಂದರೆ. ಏಕೆಂದರೆ ಅಲ್ಲಿಯ ಜೀವನವೆಲ್ಲ ಕಾಗದದ ಮೇಲೆ ನಡೆಯುವುದು. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ, ವಾಸ್ತವ್ಯದ ಪರವಾನಿಗೆ, ಬ್ಯಾಂಕು, ವಿಮೆ, ರೇಡಿಯೋ-ಟಿವಿ ಶುಲ್ಕ ಎಲ್ಲಕ್ಕೂ ಅಂಚೆಯಲ್ಲಿ ಪತ್ರ ಬರುತ್ತದೆ, ಜರ್ಮನ್ ಭಾಷೆಯಲ್ಲಿ. ಟಿವಿಯೇ ಇಲ್ಲದವರಿಗೂ ಶುಲ್ಕವಿದೆ! ಕೋರ್ಸು ಇಂಗ್ಲಿಷಿನಲ್ಲಿದ್ದರೇನು, ಪತ್ರಗಳು ಇಂಗ್ಲಿಷಿನಲ್ಲಿ ಬರುವುದಿಲ್ಲ. ಹೊರಡುವ ಮೊದಲು ಆರು ತಿಂಗಳು ಜರ್ಮನ್ ಕಲಿತದ್ದು ನನಗೆ ಚಿನ್ನಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ತರಗತಿ ಹೇಗಿರುತ್ತದೆ ಎಂದು ಕೇಳುವಿರಿ. ಹತ್ತು ಗಂಟೆಯೆಂದು ಬರೆದಿದ್ದರೆ ಹತ್ತೂಕಾಲಕ್ಕೆ ಶುರು. ಅದನ್ನು ‘ವಿದ್ಯಾ ಕಾಲು ತಾಸು’ ಎನ್ನುತ್ತಾರೆ, ಹಳೆಯ ಸಂಪ್ರದಾಯ. ಆದರೆ ಹತ್ತೂಕಾಲೆಂದರೆ ಹತ್ತೂಕಾಲೇ. ಹೆಚ್ಚಿನ ತರಗತಿಗಳಲ್ಲಿ ಹಾಜರಿ ಕರೆಯುವುದಿಲ್ಲ. ಪಾಠ ಮುಗಿದಾಗ ಚಪ್ಪಾಳೆಯ ಬದಲು ಎಲ್ಲರೂ ಬೆರಳಗಂಟಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ನಾನು ಬೆಚ್ಚಿಬಿದ್ದೆ. ಅಂಕಗಳಲ್ಲಿ 1.0 ಎಲ್ಲಕ್ಕಿಂತ ಉತ್ತಮ, 4.0 ಪಾಸು, 5.0 ಫೇಲು. ಮಗಳಿಗೆ ‘ಒಂದು’ ಬಂತೆಂದರೆ ಉಮ್ಮ ಅಳುವುದು ಬೇಡ. ಇವೆಲ್ಲ ತಮಾಷೆಯ ಮಾತು. ತಮಾಷೆಯಲ್ಲದ್ದು ಒಂದಿದೆ, ಇದನ್ನು ಏಜೆಂಟರು ಹೇಳುವುದಿಲ್ಲ. ಕಡ್ಡಾಯ ಪರೀಕ್ಷೆಯೊಂದಕ್ಕೆ ಇಷ್ಟೇ ಸಲ ಕೂರಬಹುದೆಂಬ ಮಿತಿ ಇದೆ. ಕೊನೆಯ ಅವಕಾಶದಲ್ಲಿಯೂ ಫೇಲಾದರೆ ಆ ಕೋರ್ಸನ್ನು ಬಿಡಬೇಕು, ಜರ್ಮನಿಯ ಬೇರೆ ವಿಶ್ವವಿದ್ಯಾನಿಲಯದಲ್ಲಿಯೂ ಅದೇ ಕೋರ್ಸಿಗೆ ಸೇರಲಾಗದು. ನಮ್ಮಲ್ಲಿಯ ಹಾಗೆ ವರ್ಷಗಟ್ಟಲೆ ಬಾಕಿ ಇಟ್ಟುಕೊಳ್ಳುವ ಮಾತೇ ಇಲ್ಲ. ನನಗಿಂತ ಹಿಂದಿನ ತಂಡದಲ್ಲಿದ್ದ ಒಬ್ಬ ಹುಡುಗ ಹೀಗೆ ಹಿಂದಿರುಗಿದ. ಮನೆಯವರಿಗೆ ಹೇಳಲಾಗದೆ ಎರಡು ತಿಂಗಳು ಅಲ್ಲಿಯೇ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ. ಮನೆಯವರಲ್ಲಿ ಹೇಳಿಕೊಳ್ಳಬಹುದಾದ ಮಾತು ನಿಮ್ಮ ಮನೆಯಲ್ಲಿದೆಯೇ ಎಂದು ಮಗಳನ್ನು ಕಳುಹಿಸುವ ಮೊದಲು ಯೋಚಿಸಿ. ಪ್ರತಿ ಫೋನಿನಲ್ಲಿಯೂ ‘ಮಾರ್ಕು ಎಷ್ಟು?’ ಎಂದಷ್ಟೇ ಕೇಳಿದರೆ ಉಳಿದದ್ದು ನಿಮಗೆ ತಿಳಿಯುವುದೇ ಇಲ್ಲ.

ಎರಡನೆಯದು ಕತ್ತಲೆ. ಚಳಿಗೆ ಕೋಟು ಕೊಳ್ಳಬಹುದು, ಕತ್ತಲೆಗೆ ಏನೂ ಸಿಗುವುದಿಲ್ಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟು ಗಂಟೆ ಕಳೆದ ಮೇಲೆ ಸೂರ್ಯ ಹುಟ್ಟಿ, ಸಂಜೆ ನಾಲ್ಕೂವರೆಗೆ ಮುಳುಗುತ್ತದೆ. ಹುಟ್ಟಿದರೂ ಮಂಜಿನಿಂದಾಗಿ ಕಾಣದ ದಿನಗಳು ಎಷ್ಟೋ. ಲುಹರ್, ಅಸರ್, ಮಗ್ರಿಬ್ ಮೂರೂ ಒಂದೇ ಮಧ್ಯಾಹ್ನದ ನಾಲ್ಕು ತಾಸಿನೊಳಗೆ ಬಂದು ಹೋಗುತ್ತವೆ, ಅದೂ ಪ್ರಯೋಗಾಲಯದ ಹೊತ್ತಿನಲ್ಲಿ. ಖಾಲಿ ಸೆಮಿನಾರ್ ಕೋಣೆ ಹುಡುಕಿ ನಮಾಝ್ ಮುಗಿಸುತ್ತಿದ್ದೆ. ಜೂನಿನಲ್ಲಿ ಇದರ ತಿರುವು. ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ, ಇಶಾಕ್ಕಾಗಿ ನಡುರಾತ್ರಿಯವರೆಗೆ ಎಚ್ಚರವಿರಬೇಕು. ಮಾರ್ಚ್ ಕೊನೆಯ ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ತಾಸು ಮುಂದಿಡುತ್ತದೆ. 2024ರಲ್ಲಿ ಅದು ರಮಝಾನಿನ ನಡುವೆ ಬಂದು, ನಿನ್ನೆಯ ಇಫ್ತಾರಿಗಿಂತ ಇಂದಿನದ್ದು ಒಂದು ತಾಸು ತಡವಾದಂತಾಯಿತು. 2025ರಲ್ಲಿ ಮಾರ್ಚ್ 30, ಗಡಿಯಾರ ತಿದ್ದುವ ದಿನವೇ ಅಲ್ಲಿ ಈದುಲ್ ಫಿತ್ರ್. ಈದ್ ನಮಾಝಿಗೆ ಹೊರಟವರಿಗೆ ಆ ಬೆಳಿಗ್ಗೆ ಒಂದು ತಾಸಿನ ನಿದ್ದೆ ಕಡಿತ. ಊರಿನಲ್ಲಿ ಅಂದು ಇನ್ನೂ ಉಪವಾಸ. ನಾನು ಫೋನಿನಲ್ಲಿ ಹಬ್ಬದ ತಟ್ಟೆ ತೋರಿಸಿದಾಗ ತಮ್ಮ ಮುಖ ತಿರುಗಿಸಿದ.

ಮೊದಲ ನವೆಂಬರಿನಲ್ಲಿ ನಾನು ಕಾರಣವಿಲ್ಲದೆ ಅಳತೊಡಗಿದ್ದೆ. ಹಸಿವಿಲ್ಲ, ನಿದ್ದೆ ಹೆಚ್ಚು. ಈಮಾನ್ ಕಡಿಮೆಯಾಯಿತೇನೋ ಎಂಬ ಹೆದರಿಕೆ ಬೇರೆ. ತುರ್ಕಿ ಮಸೀದಿಯಲ್ಲಿ ಪರಿಚಯವಾದ ಒಬ್ಬ ಹಿರಿಯ ಹೆಂಗಸು, ನಾವೆಲ್ಲ ಅವರನ್ನು ‘ತೇಯ್ಝೆ’ ಎನ್ನುತ್ತಿದ್ದೆವು, ಅವರ ಭಾಷೆಯಲ್ಲಿ ಉಮ್ಮನ ತಂಗಿ, ಅಕ್ಕ ಎಂದರ್ಥ, ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬಿಸಿಲಿಲ್ಲದ ದೇಶದಲ್ಲಿ ಬಿಸಿಲಿನ ಮಕ್ಕಳಿಗೆ ಹೀಗಾಗುತ್ತದೆ, ಡಾಕ್ಟರಲ್ಲಿಗೆ ಹೋಗು ಎಂದು ಕಳುಹಿಸಿದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಿತ್ತು. ಗುಳಿಗೆ ಕೊಟ್ಟರು. ದಿನವೂ ಮಧ್ಯಾಹ್ನ ಬೆಳಕಿರುವಾಗ ಅರ್ಧ ತಾಸು ಹೊರಗೆ ನಡೆಯಲೇಬೇಕೆಂದು ಹೇಳಿದರು. ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಿಗಾಗಿ ಆಪ್ತಸಲಹೆಯ ಏರ್ಪಾಡೂ ಇದೆ, ಅಲ್ಲಿಗೂ ಮೂರು ಸಲ ಹೋದೆ. ಇದನ್ನೆಲ್ಲ ಇಲ್ಲಿ ಬರೆಯುವುದು ಬೇಡವೆಂದು ಗೆಳತಿಯೊಬ್ಬಳು ಹೇಳಿದ್ದಳು. ಆದರೆ ನಿಮ್ಮ ಮಗಳು ನವೆಂಬರಿನಲ್ಲಿ ಫೋನಿನಲ್ಲಿ ಮೌನವಾದರೆ ‘ಖುರ್‌ಆನ್ ಓದು, ಸರಿಹೋಗುತ್ತದೆ’ ಎಂದಷ್ಟೇ ಹೇಳಿ ಇಡಬೇಡಿ, ಡಾಕ್ಟರಲ್ಲಿಗೂ ಹೋಗಲು ಹೇಳಿ.

2024ರ ಜನವರಿಯಲ್ಲಿ ಅಜ್ಜಿ ತೀರಿಕೊಂಡರು. ಪರೀಕ್ಷೆ ಫೆಬ್ರವರಿಯಲ್ಲಿ. ಟಿಕೆಟಿನ ದರ ನನ್ನ ತಿಂಗಳ ಖರ್ಚಿಗಿಂತ ಹೆಚ್ಚು. ಹೊರಟರೂ ದಫನ ಮುಗಿದ ಮರುದಿನ ತಲುಪುವುದು. ‘ಬರಬೇಡ’ ಎಂದು ಉಪ್ಪ ಹೇಳಿದರು, ಹೇಳಿ ತಕ್ಷಣ ಫೋನ್ ಇಟ್ಟರು. ತಮ್ಮ ಫೋನನ್ನು ಅಂಗಳದ ಕಡೆ ಹಿಡಿದಿದ್ದ. ಮಯ್ಯಿತ್ ಹೊರಡುವುದನ್ನು ನಾನು ಅಂಗೈಯಷ್ಟು ಪರದೆಯಲ್ಲಿ ನೋಡಿದೆ. ಹೊರಗೆ ಹಿಮ ಬೀಳುತ್ತಿತ್ತು. ಪಕ್ಕದ ಕೋಣೆಯ ಆ ಜರ್ಮನ್ ಹುಡುಗಿ ಏನೂ ಹೇಳದೆ ಚಹಾ ಮಾಡಿ ತಂದು ನೆಲದ ಮೇಲೆ ನನ್ನ ಪಕ್ಕ ಕೂತಳು. ಹೊರದೇಶದ ಓದಿಗೆ ಶುಲ್ಕವಿಲ್ಲ ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಪ್ರಾಯವಾದವರಿದ್ದರೆ ಹೊರಡುವ ಮೊದಲೇ ಈ ಮಾತನ್ನು ಆಡಿಬಿಡಿ: ಹಾಗೇನಾದರೂ ಆದರೆ ಬರಬೇಕೇ, ಬೇಡವೇ. ಆ ಗಳಿಗೆಯಲ್ಲಿ ತೀರ್ಮಾನಿಸುವುದು ಬಹಳ ಕಷ್ಟ.

ಎರಡನೆಯ ವರ್ಷ ಸುಲಭವಾಯಿತು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2024ರ ಮಾರ್ಚಿನವರೆಗೆ ಅದು 120 ದಿನವಿತ್ತು. ಇಲಾಖೆಯಲ್ಲಿಯೇ ನನಗೆ ‘ಹಿವಿ’ ಕೆಲಸ ಸಿಕ್ಕಿತು, ಅಂದರೆ ಪ್ರಾಧ್ಯಾಪಕರ ಕೈಕೆಳಗೆ ವಿದ್ಯಾರ್ಥಿ ಸಹಾಯಕಿ. ಹತ್ತಿರದ ಆಮ್ಮರ್ ಎಂಬ ಹೊಳೆಯ ಕಣಿವೆಗೆ ಹೋಗಿ ಕೊಳವೆಬಾವಿಗಳಿಂದ ನೀರಿನ ಮಾದರಿ ತರುವುದು, ಬಾಟಲಿ ತೊಳೆಯುವುದು, ಅಂಕಿಗಳನ್ನು ದಾಖಲಿಸುವುದು. ರಬ್ಬರ್ ಬೂಟು ಹಾಕಿ ಕೆಸರಿನಲ್ಲಿ ನಿಂತಾಗಲೆಲ್ಲ ನಮ್ಮ ಬಾವಿಕಟ್ಟೆಯ ನೆನಪು. ಈಗ ಜರ್ಮನಿಯಲ್ಲಿ ಕನಿಷ್ಠ ಕೂಲಿ 2026ರ ಜನವರಿಯಿಂದ ತಾಸಿಗೆ 13.90 ಯೂರೋ. ಕೆಲಸದಿಂದ ಎರಡನೆಯ ವರ್ಷದ ಊಟ, ಬಾಡಿಗೆ ನಡೆಯಬಹುದು. ಮೊದಲ ವರ್ಷಕ್ಕೆ ಅದನ್ನು ನಂಬಿ ಹೋಗಬೇಡಿ. ಡಿಗ್ರಿ ಮುಗಿದ ಮೇಲೆ ಉದ್ಯೋಗ ಹುಡುಕಲು 18 ತಿಂಗಳು ಅಲ್ಲಿರಲು ಅನುಮತಿ ಕೊಡುತ್ತಾರೆ. ನನ್ನ ಜೊತೆಗಾರರಲ್ಲಿ ಹೆಚ್ಚಿನವರು ಉಳಿದರು. ನಾನು ಬಂದೆ, ಈಗ ಮಂಗಳೂರಿನಲ್ಲಿ ನೀರಿನ ಪರೀಕ್ಷೆಯ ಒಂದು ಪ್ರಯೋಗಾಲಯದಲ್ಲಿದ್ದೇನೆ. ಸಂಬಳ ಅಲ್ಲಿಯ ಅರ್ಧಕ್ಕೂ ಬರುವುದಿಲ್ಲ. ಮಾವನ ಸಾಲ ಇನ್ನೂ ನಾಲ್ಕು ಲಕ್ಷ ಬಾಕಿಯಿದೆ. ಪ್ರತಿ ತಿಂಗಳು ಐದನೇ ತಾರೀಕಿಗೆ ಕಳುಹಿಸುತ್ತೇನೆ, ಉಪ್ಪ ಪುಸ್ತಕದಲ್ಲಿ ಬರೆಯುತ್ತಾರೆ. ಉಳಿದಿದ್ದರೆ ಬೇಗ ತೀರುತ್ತಿತ್ತು ಎಂದು ಹೇಳುವವರಿದ್ದಾರೆ. ಅವರದ್ದೂ ತಪ್ಪಲ್ಲ.

ಕೊನೆಗೆ ತಾಯಂದಿರಿಗೆ ಪೆಟ್ಟಿಗೆಯ ವಿಷಯ. ತುಪ್ಪ ಕಟ್ಟಿಕೊಡಬೇಡಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ನಮ್ಮ ದೇಶದಿಂದ ಯೂರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದು ಎಸೆಯುತ್ತಾರೆ. ಒಣಮೀನಿಗೆ ಅಡ್ಡಿಯಿಲ್ಲ, ಸ್ವಂತ ಬಳಕೆಗೆ 20 ಕಿಲೋದವರೆಗೆ ಒಯ್ಯಬಹುದು. ಆದರೆ ಎಲ್ಲರಿಗೂ ಒಂದೇ ಆದ ಅಡುಗೆಮನೆಯಲ್ಲಿ ಅದನ್ನು ಹುರಿದರೆ ಇಡೀ ಮಹಡಿಯ ಕಿಟಕಿಗಳು ತೆರೆಯುತ್ತವೆ. ಚಟ್ನಿಪುಡಿ ಮಾಡಿ ಕೊಟ್ಟರೆ ಜಾಣತನ. ಹತ್ತಿಯ ಚೂಡಿದಾರ ಎರಡು ಸಾಕು, ದಪ್ಪ ಕೋಟು ಅಲ್ಲಿಯೇ ಹಳೆಯ ಬಟ್ಟೆಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ತೆಂಗಿನೆಣ್ಣೆಯನ್ನು ಸಪೂರ ಬಾಯಿಯ ಬಾಟಲಿಯಲ್ಲಿ ಕೊಡಬೇಡಿ, ಅಕ್ಟೋಬರಿಗೇ ಕಲ್ಲಾಗುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ, ಜೊತೆಗೆ ಒಂದು ಚಮಚ ಇಡಿ.